ಅಮೆರಿಕ ಮತ್ತು ಇರಾನ್ ಪದೇ ಪದೇ ಯುದ್ಧದ ಅಂಚಿಗೆ ಬರುವುದೇಕೆ?

ಪ್ರಶ್ನೆ: ನನ್ನ ಮಗ ಕತಾರಿನ ದೋಹಾದಲ್ಲಿ ಕೆಲಸದಲ್ಲಿದ್ದಾನೆ. 2025ರ ಜೂನ್ 23ರ ಸಂಜೆ ಇರಾನ್ ಅಲ್ಲಿನ ಅಮೆರಿಕದ ವಾಯುನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಆಕಾಶದಲ್ಲಿ ಬೆಂಕಿ ಕಂಡು ಗಾಬರಿಯಿಂದ ಫೋನ್ ಮಾಡಿದ್ದ. ಮರುದಿನವೇ ಕದನ ವಿರಾಮ ಎಂದರು. ಅಷ್ಟು ದೊಡ್ಡ ದಾಳಿ ಒಂದೇ ದಿನದಲ್ಲಿ ತಣ್ಣಗಾದದ್ದು ಹೇಗೆ? ಈ ಎರಡು ದೇಶಗಳ ಜಗಳ ಶುರುವಾದದ್ದು ಎಲ್ಲಿಂದ? ಮುಂದೊಮ್ಮೆ ಇದು ಇಡೀ ಕೊಲ್ಲಿಯ ಯುದ್ಧವಾಗುವ ಅಪಾಯ ಎಷ್ಟಿದೆ?
– ಕುಂದಾಪುರದ ಓದುಗರೊಬ್ಬರು

ಉತ್ತರ: ಆ ಸಂಜೆಯ ಕ್ಷಿಪಣಿಗಳಿಗೆ ಒಂದು ಲೆಕ್ಕವಿತ್ತು. ಹಿಂದಿನ ದಿನ ನಸುಕಿನಲ್ಲಿ ಅಮೆರಿಕದ ಏಳು ಬಿ-2 ವಿಮಾನಗಳು ಇರಾನಿನ ಫೋರ್ದೊ ಮತ್ತು ನತಾಂಜ್ ಪರಮಾಣು ಘಟಕಗಳ ಮೇಲೆ 14 ಭಾರೀ ಬಾಂಬುಗಳನ್ನು ಹಾಕಿದ್ದವು. ಇರಾನ್ ಅಲ್ ಉದೈದ್ ನೆಲೆಯತ್ತ ಹಾರಿಸಿದ ಕ್ಷಿಪಣಿಗಳೂ 14. ಅಮೆರಿಕ ಎಷ್ಟು ಬಾಂಬು ಹಾಕಿತೋ ಅಷ್ಟೇ ಕ್ಷಿಪಣಿ ಹಾರಿಸಿದ್ದೇವೆ ಎಂದು ಇರಾನಿನ ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯೇ ಹೇಳಿಕೊಂಡಿತು. ದಾಳಿಯ ಮುನ್ಸೂಚನೆ ಹೋಗಿತ್ತು. ಕತಾರ್ ತನ್ನ ವಾಯುಪ್ರದೇಶವನ್ನು ಮೊದಲೇ ಮುಚ್ಚಿತ್ತು, ನೆಲೆಯಲ್ಲಿದ್ದ ವಿಮಾನಗಳನ್ನು ಅಮೆರಿಕ ಅಷ್ಟರಲ್ಲಾಗಲೇ ಬೇರೆಡೆಗೆ ಸಾಗಿಸಿತ್ತು. ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೊಡೆದುರುಳಿಸಿದೆವು ಎಂದ ಟ್ರಂಪ್, ಮೊದಲೇ ತಿಳಿಸಿದ್ದಕ್ಕಾಗಿ ಇರಾನಿಗೆ ಬಹಿರಂಗವಾಗಿಯೇ ಧನ್ಯವಾದ ಹೇಳಿದರು. ಯಾರೂ ಸಾಯಲಿಲ್ಲ. ಹಾಗಾಗಿಯೇ ಮರುದಿನ ಕದನ ವಿರಾಮ ಸಾಧ್ಯವಾಯಿತು.

ನಿಮ್ಮ ಮೂರೂ ಪ್ರಶ್ನೆಗಳ ಉತ್ತರದ ಎಳೆ ಆ ಮುನ್ಸೂಚನೆಯಲ್ಲಿದೆ. 1980ರ ಏಪ್ರಿಲ್‌ನಲ್ಲಿ ಕಡಿದುಹೋದ ರಾಯಭಾರ ಸಂಬಂಧವನ್ನು ಈ ಎರಡು ದೇಶಗಳು ಮತ್ತೆ ಜೋಡಿಸಿಕೊಂಡಿಲ್ಲ. ಟೆಹರಾನಿನಲ್ಲಿ ಅಮೆರಿಕದ ಪರವಾಗಿ ಸ್ವಿಟ್ಜರ್ಲೆಂಡಿನ ರಾಯಭಾರ ಕಚೇರಿ ವ್ಯವಹರಿಸುತ್ತದೆ. ವಾಷಿಂಗ್ಟನ್‌ನಲ್ಲಿ ಇರಾನಿನ ಕಾಗದಪತ್ರಗಳ ಕೆಲಸ ನಡೆಯುವುದು ಪಾಕಿಸ್ತಾನದ ರಾಯಭಾರ ಕಚೇರಿಯ ಆಶ್ರಯದಲ್ಲಿ. ಇಬ್ಬರ ನಡುವಿನ ಹಗೆ ದೊಡ್ಡದು, ನಿಜ. ಆದರೆ ಹಗೆಯಷ್ಟೇ ಅಪಾಯಕಾರಿಯಾದದ್ದು ನೇರ ಮಾತಿನ ದಾರಿ ಇಲ್ಲದಿರುವುದು ಎಂಬುದು ಈ ವಿಷಯವನ್ನು ಬಹುಕಾಲ ಓದಿಕೊಂಡು ಬಂದ ನನ್ನ ದೃಢವಾದ ಅಭಿಪ್ರಾಯ. ಯುದ್ಧದ ಅಂಚಿಗೆ ಬಂದ ಸಂದರ್ಭಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಸಂದೇಶ ಸಕಾಲಕ್ಕೆ ಮುಟ್ಟಿದಾಗ ಬೆಂಕಿ ಆರಿದೆ, ಮುಟ್ಟದಿದ್ದಾಗ ಅಮಾಯಕರು ಸತ್ತಿದ್ದಾರೆ. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗ ಶುರುವಾದ ಆ ಹನ್ನೆರಡು ದಿನಗಳ ಯುದ್ಧ ಮತ್ತು ಅದರ ನಂತರದ ಕೆಲವು ತಿಂಗಳವರೆಗಿನ ಕಥೆಯನ್ನು ಆಧಾರವಾಗಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಜಗಳ ಎಲ್ಲಿಂದ ಶುರುವಾಯಿತು ಎಂದು ಇರಾನಿನವರನ್ನು ಕೇಳಿದರೆ 1953 ಎನ್ನುತ್ತಾರೆ, ಅಮೆರಿಕನ್ನರನ್ನು ಕೇಳಿದರೆ 1979 ಎನ್ನುತ್ತಾರೆ. ಎರಡೂ ನಿಜ, ಮತ್ತು ಎರಡನೆಯದು ಮೊದಲನೆಯದರ ಹೊಟ್ಟೆಯಿಂದಲೇ ಬಂದದ್ದು.

1951ರಲ್ಲಿ ಪ್ರಧಾನಿಯಾದ ಮೊಹಮ್ಮದ್ ಮೊಸಾದ್ದೆಕ್ ಅದೇ ವರ್ಷ ಇರಾನಿನ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಅಲ್ಲಿಯವರೆಗೆ ತೈಲ ಬ್ರಿಟಿಷರ ಒಡೆತನದ ಆಂಗ್ಲೋ-ಇರಾನಿಯನ್ ಕಂಪನಿಯ ಕೈಯಲ್ಲಿತ್ತು. ಅಬಾದಾನಿನಲ್ಲಿದ್ದ ಅದರ ಸಂಸ್ಕರಣಾಗಾರ ಆಗ ಜಗತ್ತಿನಲ್ಲೇ ದೊಡ್ಡದು. ಬ್ರಿಟನ್ ಇರಾನಿನ ತೈಲಕ್ಕೆ ದಿಗ್ಬಂಧನ ಹಾಕಿತು, ಅದು ಸಾಲದೆಂದು ಅಮೆರಿಕದ ನೆರವು ಕೇಳಿತು. 1953ರ ಆಗಸ್ಟ್‌ನಲ್ಲಿ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ ಮತ್ತು ಬ್ರಿಟಿಷ್ ಬೇಹುಗಾರರು ಸೇರಿ ಮೊಸಾದ್ದೆಕ್‌ರನ್ನು ಕೆಳಗಿಳಿಸುವ ಕ್ಷಿಪ್ರಕ್ರಾಂತಿಗೆ ಕೈಹಾಕಿದರು. ಮೊದಲ ಯತ್ನ ಕೆಟ್ಟಿತು. ಹೆದರಿದ ಇರಾನಿನ ದೊರೆ, ಶಾ ಮೊಹಮ್ಮದ್ ರೆಜಾ ಪಹ್ಲವಿ, ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದರು. ಕೆಲವೇ ದಿನಗಳಲ್ಲಿ, ಆಗಸ್ಟ್ 19ರಂದು, ಎರಡನೆಯ ಯತ್ನ ಫಲಿಸಿತು ಮತ್ತು ಶಾ ಮರಳಿ ಬಂದರು. ಮರುವರ್ಷ ಇರಾನಿನ ತೈಲವನ್ನು ನಡೆಸಲು ಮಾಡಿಕೊಂಡ ಒಕ್ಕೂಟದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ 40ರ ಪಾಲು ಸಿಕ್ಕಿತು. ಮೊಸಾದ್ದೆಕ್ ಮೂರು ವರ್ಷ ಜೈಲಿನಲ್ಲಿದ್ದು, ಆಮೇಲೆ ಅಹಮದಾಬಾದ್ ಎಂಬ ಹಳ್ಳಿಯ ತಮ್ಮ ಮನೆಯಲ್ಲೇ ಬಂಧನದಲ್ಲಿದ್ದು, 1967ರಲ್ಲಿ ತೀರಿಕೊಂಡರು. ಈ ಕ್ಷಿಪ್ರಕ್ರಾಂತಿಯಲ್ಲಿ ತನ್ನ ಪಾತ್ರವನ್ನು ಸ್ಪಷ್ಟವಾಗಿ ಒಪ್ಪುವ ದಾಖಲೆಗಳು ಸಿಐಎ ಕಡೆಯಿಂದ ಹೊರಬಂದದ್ದು 2013ರಲ್ಲಿ, ಅರವತ್ತು ವರ್ಷಗಳ ಬಳಿಕ.

ಇಲ್ಲಿ ನೆನಪಿಡಬೇಕಾದದ್ದು ಕಥೆಯ ಒಂದು ತಿರುವನ್ನು: ಓಡಿಹೋದ ಶಾ ಅಮೆರಿಕದ ಬಲದಿಂದ ವಾಪಸ್ ಬಂದ. 1979ರ ಜನವರಿಯಲ್ಲಿ ಅದೇ ಶಾ ಮತ್ತೆ ದೇಶ ಬಿಟ್ಟರು. ಫೆಬ್ರುವರಿ 1ರಂದು ಶಾ ವಿರುದ್ಧದ ಕ್ರಾಂತಿಯ ನಾಯಕ, ಧರ್ಮಗುರು ಖೊಮೇನಿ ಟೆಹರಾನಿಗೆ ಬಂದಿಳಿದರು. ಅಕ್ಟೋಬರ್ 22ರಂದು ಕ್ಯಾನ್ಸರ್ ಚಿಕಿತ್ಸೆಗೆಂದು ಶಾಗೆ ನ್ಯೂಯಾರ್ಕಿನಲ್ಲಿ ಪ್ರವೇಶ ಸಿಕ್ಕಿತು. ವಾಷಿಂಗ್ಟನ್ ಅದನ್ನು ಮಾನವೀಯತೆಯ ಕೆಲಸವೆಂದು ತಿಳಿಯಿತು. ಟೆಹರಾನಿನ ಬೀದಿಗಳಲ್ಲಿ ಜನರಿಗೆ ಕಂಡದ್ದು 1953ರ ಪುನರಾವರ್ತನೆ. ಶಾ ಮತ್ತೆ ಹೊರಗಿದ್ದಾನೆ, ರಾಯಭಾರ ಕಚೇರಿ ಮತ್ತೆ ಒಳಗಿದೆ, ಇನ್ನು ಸಂಚು ಆಗಲೇಬೇಕು ಎಂದು ಅವರು ನಂಬಿದರು. ನವೆಂಬರ್ 4ರಂದು ವಿದ್ಯಾರ್ಥಿಗಳು ರಾಯಭಾರ ಕಚೇರಿಯ ಗೋಡೆ ಹತ್ತಿದರು. 52 ಅಮೆರಿಕನ್ನರು 444 ದಿನ ಸೆರೆಯಲ್ಲಿದ್ದರು. ಅವರನ್ನು ಬಿಡಿಸಲು 1980ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಕಳಿಸಿದ ಪಡೆಯ ವಿಮಾನ ಮತ್ತು ಹೆಲಿಕಾಪ್ಟರ್ ತಬಸ್‌ ಬಳಿಯ ಮರುಭೂಮಿಯಲ್ಲಿ ಡಿಕ್ಕಿಯಾಗಿ ಎಂಟು ಮಂದಿ ಸತ್ತರು. ಒತ್ತೆಯಾಳುಗಳು ಸೆರೆಯಾಗಿ ಇಂದಿಗೆ ಎಷ್ಟು ದಿನ ಎಂದು ಅಮೆರಿಕದ ಟಿವಿ ರಾತ್ರಿ ರಾತ್ರಿ ಎಣಿಸುತ್ತಿತ್ತು. ಒಂದು ಇಡೀ ತಲೆಮಾರಿನ ಅಮೆರಿಕನ್ನರಿಗೆ ಇರಾನ್ ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿದ ರಾಜತಾಂತ್ರಿಕರ ಚಿತ್ರವಾಗಿ ಉಳಿಯಿತು. ಆ ಅವಮಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾಯಭಾರಿಗಳನ್ನು ಸೆರೆಹಿಡಿದದ್ದು ಅನ್ಯಾಯ, ಮತ್ತು ಅದರ ಬೆಲೆ ತೆತ್ತವರಲ್ಲಿ ಇರಾನಿನ ಜನರೇ ಮೊದಲಿಗರು. ಏಕೆಂದರೆ ಆ ದಿನ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ.

ಬಾಗಿಲು ಮುಚ್ಚಿದ್ದರ ಅರ್ಥ ಪೂರ್ತಿ ತಿಳಿಯುವುದು 1988ರಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1980ರ ಸೆಪ್ಟೆಂಬರ್‌ನಲ್ಲಿ ಸದ್ದಾಂ ಹುಸೇನನ ಇರಾಕ್ ಇರಾನಿನ ಮೇಲೆ ದಂಡೆತ್ತಿ ಬಂತು. ಎಂಟು ವರ್ಷ ನಡೆದ ಆ ಯುದ್ಧದಲ್ಲಿ ಅಮೆರಿಕ ಇರಾಕಿಗೆ ಬೇಹುಗಾರಿಕೆಯ ಮಾಹಿತಿ ಕೊಡುತ್ತಾ ಬಂತು. 1987ರ ಜೂನ್‌ನಲ್ಲಿ ಸರ್ದಶ್ತ್ ಪಟ್ಟಣದ ಮೇಲೆ ಇರಾಕ್ ವಿಷಾನಿಲದ ಬಾಂಬು ಹಾಕಿದಾಗ ಜಗತ್ತು ಬಹುತೇಕ ಸುಮ್ಮನಿತ್ತು. ಇರಾನಿನವರ ಮನಸ್ಸಿನಲ್ಲಿ ಅದು ಇಂದಿಗೂ ಆರದ ಗಾಯ. ಇದರ ನಡುವೆಯೇ 1985–86ರಲ್ಲಿ ರೇಗನ್ ಸರ್ಕಾರ ಇರಾನಿಗೆ ಗುಟ್ಟಾಗಿ ಆಯುಧ ಮಾರಿತು. ಲೆಬನಾನಿನಲ್ಲಿದ್ದ ಒತ್ತೆಯಾಳುಗಳನ್ನು ಬಿಡಿಸಿಕೊಳ್ಳುವುದು ಉದ್ದೇಶ. ಬಂದ ಹಣದಲ್ಲಿ ಒಂದಷ್ಟು ನಿಕರಾಗುವಾದ ಬಂಡುಕೋರರ ಕೈಸೇರಿತು. ಗುಟ್ಟು ರಟ್ಟಾದ ಮೇಲೆ ಎರಡೂ ರಾಜಧಾನಿಗಳಲ್ಲಿ ಎದುರಾಳಿಯೊಡನೆ ಮಾತಾಡುವುದೇ ರಾಜಕೀಯ ಆತ್ಮಹತ್ಯೆ ಎಂಬಂತಾಯಿತು.

ಯುದ್ಧ ಅಷ್ಟರಲ್ಲಿ ಸಮುದ್ರಕ್ಕೆ ಇಳಿದಿತ್ತು. ಇರಾಕ್ ಇರಾನಿನ ತೈಲ ಹಡಗುಗಳನ್ನು ಹೊಡೆಯಿತು. ಇರಾನ್ ಪ್ರತಿಯಾಗಿ ಇರಾಕಿಗೆ ನೆರವಾಗುತ್ತಿದ್ದ ಅರಬ್ ದೇಶಗಳ ಬಂದರುಗಳಿಗೆ ಹೋಗುವ ಹಡಗುಗಳನ್ನು ಹೊಡೆಯಿತು. ಒಟ್ಟು ನಾನೂರಕ್ಕೂ ಹೆಚ್ಚು ಹಡಗುಗಳು ಏಟು ತಿಂದವು. ಕುವೈತ್ ಕೇಳಿಕೊಂಡದ್ದರಿಂದ ಅದರ ಹನ್ನೊಂದು ತೈಲ ಹಡಗುಗಳಿಗೆ ಅಮೆರಿಕದ ಧ್ವಜ ಏರಿಸಿ, ಸಮರನೌಕೆಗಳ ಕಾವಲಿನಲ್ಲಿ ಸಾಗಿಸುವ ಏರ್ಪಾಡಾಯಿತು. ಮೊದಲ ಸಾಗಣೆಯಲ್ಲೇ, 1987ರ ಜುಲೈ 24ರಂದು, ಬ್ರಿಜ್‌ಟನ್ ಎಂಬ ಬೃಹತ್ ಹಡಗು ಇರಾನ್ ಇಟ್ಟಿದ್ದ ಕಡಲ ಮೈನಿಗೆ, ಅಂದರೆ ತಾಗಿದರೆ ಸಿಡಿಯುವ ಸ್ಫೋಟಕಕ್ಕೆ, ತಗುಲಿತು. ಆಮೇಲೆ ಕಾವಲಿನ ಸಮರನೌಕೆಗಳೇ ಆ ಗಟ್ಟಿ ಹಡಗಿನ ಹಿಂದೆ ಸಾಲಾಗಿ ಸಾಗಬೇಕಾಯಿತು. 1988ರ ಏಪ್ರಿಲ್ 14ರಂದು ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ನೌಕೆ ಮೈನಿಗೆ ಸಿಕ್ಕಿ ಮುಳುಗುವುದರಲ್ಲಿತ್ತು. ನಾಲ್ಕು ದಿನಗಳ ಬಳಿಕ ಅಮೆರಿಕದ ನೌಕಾಪಡೆ ಇರಾನಿನ ಎರಡು ತೈಲ ವೇದಿಕೆಗಳನ್ನು ನಾಶಮಾಡಿ, ಸಹಂದ್ ಎಂಬ ಸಮರನೌಕೆಯನ್ನು ಮುಳುಗಿಸಿತು. ಎರಡು ದೇಶಗಳು ಮುಖಾಮುಖಿಯಾಗಿ ಕಾದಾಡಿದ್ದು ಹೀಗೆ.

ಇನ್ನೊಂದು ಘಟನೆ ಇದರ ಜೊತೆ ಸೇರಬೇಕು. 1987ರ ಮೇ ತಿಂಗಳಲ್ಲಿ ಇರಾಕಿನ ವಿಮಾನವೊಂದು ತಪ್ಪಿನಿಂದ ಅಮೆರಿಕದ ಸ್ಟಾರ್ಕ್ ನೌಕೆಯ ಮೇಲೆ ಎರಡು ಕ್ಷಿಪಣಿ ಹಾರಿಸಿ 37 ನಾವಿಕರನ್ನು ಕೊಂದಿತ್ತು. ಸಕಾಲಕ್ಕೆ ಎಚ್ಚೆತ್ತು ನೌಕೆಯನ್ನು ಕಾಯಲಿಲ್ಲವೆಂದು ಅದರ ಕ್ಯಾಪ್ಟನ್ ಮೇಲೆ ಆರೋಪ ಬಂತು. ಆ ಬಳಿಕ ಕೊಲ್ಲಿಯಲ್ಲಿದ್ದ ಪ್ರತಿ ಕ್ಯಾಪ್ಟನ್ನಿನ ತಲೆಯಲ್ಲೂ ಇದ್ದದ್ದು ಒಂದೇ ಪಾಠ: ಕಾಯುತ್ತಾ ಕೂತರೆ ಕೆಟ್ಟೆ.

1988ರ ಜುಲೈ 3, ಭಾನುವಾರ. ವಿನ್ಸೆನ್ಸ್ ಎಂಬ ಅಮೆರಿಕದ ಸಮರನೌಕೆ ಇರಾನಿನ ಸಣ್ಣ ದೋಣಿಗಳೊಡನೆ ಕಾದಾಡುತ್ತಾ ಇರಾನಿನ ಜಲಪ್ರದೇಶದೊಳಗೇ ಹೋಗಿತ್ತು. ಅದೇ ಹೊತ್ತಿಗೆ ಬಂದರ್ ಅಬ್ಬಾಸ್ ನಿಲ್ದಾಣದಿಂದ ಇರಾನ್ ಏರ್ 655 ವಿಮಾನ ದುಬೈಗೆ ಹೊರಟಿತು. ಅರ್ಧ ಗಂಟೆಯೂ ಆಗದ ಪಯಣ, ನಿಗದಿತ ವಾಯುಮಾರ್ಗ. ಆ ನಿಲ್ದಾಣವನ್ನು ಸೇನಾ ವಿಮಾನಗಳೂ ಬಳಸುತ್ತಿದ್ದುದರಿಂದ ನೌಕೆಯವರು ಅದನ್ನು ಎಫ್-14 ಯುದ್ಧವಿಮಾನವೆಂದು ಬಗೆದರು. ರೇಡಿಯೊದಲ್ಲಿ ಹತ್ತು ಬಾರಿ ಎಚ್ಚರಿಸಿದರು. ಅದರಲ್ಲಿ ಏಳು ಎಚ್ಚರಿಕೆಗಳು ಸೇನಾ ತರಂಗಾಂತರದಲ್ಲಿ ಹೋದವು, ಪ್ರಯಾಣಿಕ ವಿಮಾನಕ್ಕೆ ಅದು ಕೇಳಿಸುವಂತೆಯೇ ಇರಲಿಲ್ಲ. ಉಳಿದ ಮೂರು ನಾಗರಿಕ ತುರ್ತು ತರಂಗಾಂತರದಲ್ಲಿ ಹೋದರೂ, ಯಾವ ವಿಮಾನವನ್ನು ಕುರಿತದ್ದೆಂದು ಪೈಲಟ್‌ಗೆ ಗೊತ್ತಾಗುವ ಹಾಗಿರಲಿಲ್ಲ. ಯಾರೂ 655 ಎಂದು ಕರೆಯಲಿಲ್ಲ. ನೌಕೆಯ ಕಂಪ್ಯೂಟರ್ ವಿಮಾನ ಮೇಲೇರುತ್ತಿದೆ ಎಂದು ದಾಖಲಿಸುತ್ತಿತ್ತು. ಅದರ ಮುಂದೆ ಕೂತವರು ಕೆಳಗಿಳಿದು ನಮ್ಮತ್ತ ಬರುತ್ತಿದೆ ಎಂದು ಕೂಗುತ್ತಿದ್ದರು. ಹೊರಟು ಏಳೇ ನಿಮಿಷಕ್ಕೆ ಎರಡು ಕ್ಷಿಪಣಿಗಳು. 290 ಮಂದಿ ಸತ್ತರು, ಅವರಲ್ಲಿ 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಆ ವಿಮಾನದಲ್ಲಿದ್ದರು, ನಮ್ಮಲ್ಲಿ ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಇದು ತಪ್ಪಿನಿಂದ ಆದದ್ದು ಎಂದು ನಾನು ನಂಬುತ್ತೇನೆ. ಆದರೆ ಟೆಹರಾನಿನಲ್ಲಿ ಯಾರೂ ಅದನ್ನು ತಪ್ಪು ಎಂದು ನಂಬಲಿಲ್ಲ, ನಂಬಿಸಲು ಬೇಕಾದ ಮಾತಿನ ಸಂಬಂಧ ಯಾರ ಬಳಿಯೂ ಇರಲಿಲ್ಲ. ಪ್ರಯಾಣಿಕ ವಿಮಾನವನ್ನೂ ಬಿಡದ ಅಮೆರಿಕ ಇನ್ನು ಪೂರ್ಣ ಪ್ರಮಾಣದಲ್ಲಿ ಇರಾಕಿನ ಪರ ಯುದ್ಧಕ್ಕಿಳಿಯುತ್ತದೆ ಎಂದೇ ಅಲ್ಲಿನ ನಾಯಕರು ಅರ್ಥ ಮಾಡಿಕೊಂಡರು. ಎರಡು ವಾರಗಳಲ್ಲಿ ಖೊಮೇನಿ, ವಿಷ ಕುಡಿದಂತೆ ಎನ್ನುತ್ತಲೇ, ಕದನ ವಿರಾಮಕ್ಕೆ ಒಪ್ಪಿದರು. ಯುದ್ಧ ನಿಂತದ್ದಕ್ಕೆ ಬೇರೆ ಕಾರಣಗಳೂ ಇದ್ದವು, ದೇಶ ಸೋತು ಸುಣ್ಣವಾಗಿತ್ತು. ಆದರೂ ಒಬ್ಬರ ತಪ್ಪು ಇನ್ನೊಬ್ಬರಿಗೆ ಸಂದೇಶವಾಗಿ ಮುಟ್ಟಿದ್ದು ಹೌದು. ಅಂದು ಅದು ಅದೃಷ್ಟವಶಾತ್ ಶಾಂತಿಯ ಕಡೆಗೆ ದೂಡಿತು. ಯುದ್ಧದ ಕಡೆಗೂ ಅಷ್ಟೇ ಸುಲಭವಾಗಿ ದೂಡಬಹುದಿತ್ತು.

ಆ ನಂತರದ ಹದಿನೈದು ವರ್ಷಗಳನ್ನು ಬೇಗ ದಾಟುತ್ತೇನೆ. 1995ರಲ್ಲಿ ಕ್ಲಿಂಟನ್ ವ್ಯಾಪಾರ ನಿಷೇಧ ಹೇರಿದರು. 2001ರ ಕೊನೆಯಲ್ಲಿ ತಾಲಿಬಾನ್ ಬಿದ್ದ ಮೇಲೆ ಜರ್ಮನಿಯ ಬಾನ್ ನಗರದ ಸಭೆಯಲ್ಲಿ ಅಫ್ಗಾನಿಸ್ತಾನದ ಹೊಸ ಸರ್ಕಾರ ಕಟ್ಟಲು ಇರಾನಿನ ರಾಜತಾಂತ್ರಿಕರು ಅಮೆರಿಕದವರೊಡನೆ ಕೂತು ಕೆಲಸ ಮಾಡಿದರು. ಎರಡು ತಿಂಗಳು ಕಳೆಯುವುದರೊಳಗೆ ಜಾರ್ಜ್ ಬುಷ್ ತಮ್ಮ ಭಾಷಣದಲ್ಲಿ ಇರಾನನ್ನು ದುಷ್ಟಕೂಟದ ಸದಸ್ಯ ಎಂದರು. ಮಾತುಕತೆಯ ಪರ ನಿಂತಿದ್ದ ಇರಾನಿಯನ್ನರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. 2002ರ ಆಗಸ್ಟ್‌ನಲ್ಲಿ ನತಾಂಜಿನ ಗುಪ್ತ ಪರಮಾಣು ಘಟಕ ಬೆಳಕಿಗೆ ಬಂತು. ಅಲ್ಲಿಂದ ಈ ಜಗಳಕ್ಕೆ ಯುರೇನಿಯಂ ಎಂಬ ಹೊಸ ಕೇಂದ್ರ ಸಿಕ್ಕಿತು. ಇರಾನಿನ ಪರಮಾಣು ಕಾರ್ಯಕ್ರಮವನ್ನು ಶಾ ಕಾಲದಲ್ಲಿ ಶುರುಮಾಡಿಸಿ, ಟೆಹರಾನಿನ ಮೊದಲ ಸಂಶೋಧನಾ ರಿಯಾಕ್ಟರ್ ಕೊಟ್ಟದ್ದು ಅಮೆರಿಕವೇ ಎಂಬುದನ್ನೂ ಇಲ್ಲಿ ಹೇಳಬೇಕು.

ಮಾತಿನ ದಾರಿ ತೆರೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2013ರಲ್ಲಿ ಒಮಾನಿನ ಸುಲ್ತಾನ್ ಕಾಬೂಸ್ ಮಸ್ಕತ್‌ನಲ್ಲಿ ಗುಪ್ತ ಭೇಟಿಗಳಿಗೆ ಎಡೆಮಾಡಿಕೊಟ್ಟರು. ಅದೇ ವರ್ಷ ಒಬಾಮ ಮತ್ತು ರೂಹಾನಿ ಫೋನಿನಲ್ಲಿ ಮಾತಾಡಿದರು, 1979ರ ಬಳಿಕ ಎರಡು ದೇಶಗಳ ಅಧ್ಯಕ್ಷರ ನಡುವೆ ಅದೇ ಮೊದಲ ಮಾತು. 2015ರ ಜುಲೈ 14ರಂದು ಪರಮಾಣು ಒಪ್ಪಂದವಾಯಿತು. ಇರಾನ್ ಯುರೇನಿಯಂ ಸಂವರ್ಧನೆಯನ್ನು (ಇಂಧನಕ್ಕೋ ಬಾಂಬಿಗೋ ಆಗುವಂತೆ ಅದನ್ನು ಸಾಂದ್ರಗೊಳಿಸುವುದನ್ನು) ಶೇ 3.67ಕ್ಕೆ, ದಾಸ್ತಾನನ್ನು 300 ಕಿಲೋಗೆ ಇಳಿಸಿ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರನ್ನು ಒಳಗೆ ಬಿಡಲು ಒಪ್ಪಿತು. ಅದರ ನಿಜವಾದ ಪರೀಕ್ಷೆ ನಡೆದದ್ದು 2016ರ ಜನವರಿ 12ರಂದು. ಕುವೈತಿನಿಂದ ಬಹರೇನಿಗೆ ಹೊರಟಿದ್ದ ಅಮೆರಿಕದ ಎರಡು ಸಣ್ಣ ನೌಕೆಗಳು ಫಾರ್ಸಿ ದ್ವೀಪದ ಬಳಿ ಇರಾನಿನ ನೀರಿಗೆ ಬಂದುಬಿಟ್ಟವು. ರೆವಲ್ಯೂಷನರಿ ಗಾರ್ಡ್ಸ್ ಪಡೆ ಹತ್ತು ಮಂದಿ ನಾವಿಕರನ್ನು ಹಿಡಿದು ಮೊಣಕಾಲೂರಿಸಿತು. 1979ರ ಚಿತ್ರ ಮತ್ತೆ ಕಣ್ಣಿಗೆ ಬಂದ ಅಮೆರಿಕದಲ್ಲಿ ರಕ್ತ ಕುದಿಯಿತು. ಆದರೆ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಬಳಿ ಇರಾನಿನ ವಿದೇಶಾಂಗ ಸಚಿವ ಜವಾದ್ ಜರೀಫ್ ಅವರ ಫೋನ್ ನಂಬರ್ ಇತ್ತು. ಒಪ್ಪಂದದ ಮಾತುಕತೆಗೆಂದು ಇಬ್ಬರೂ ತಿಂಗಳುಗಟ್ಟಲೆ ಎದುರುಬದುರು ಕೂತಿದ್ದರು. ಆ ರಾತ್ರಿ ಮತ್ತೆ ಮತ್ತೆ ಮಾತಾಡಿದರು. ಬೆಳಗಾಗುವಷ್ಟರಲ್ಲಿ ನಾವಿಕರು ಬಿಡುಗಡೆಯಾದರು. 444 ದಿನ ಹಿಡಿದಿದ್ದ ಕೆಲಸ ಒಂದು ದಿನದೊಳಗೆ ಮುಗಿಯಿತು.

2018ರ ಮೇ 8ರಂದು ಟ್ರಂಪ್ ಆ ಒಪ್ಪಂದದಿಂದ ಹೊರನಡೆದರು. ಇರಾನ್ ಷರತ್ತು ಪಾಲಿಸುತ್ತಿದೆ ಎಂದು ತಪಾಸಕರು ವರದಿಯ ಮೇಲೆ ವರದಿ ಕೊಟ್ಟಿದ್ದರೂ ಹೊರನಡೆದರು. ಈ ಇಡೀ ಚರಿತ್ರೆಯಲ್ಲಿ ಇದು ಅಮೆರಿಕ ಮಾಡಿದ ಅತಿ ದುಬಾರಿ ತಪ್ಪು ಎಂದು ನಾನು ಹೇಳುತ್ತೇನೆ. ಒಪ್ಪಂದದಲ್ಲಿ ಕೊರತೆ ಇತ್ತು, ಕ್ಷಿಪಣಿಗಳ ಬಗ್ಗೆ, ಲೆಬನಾನ್, ಯೆಮನ್, ಇರಾಕ್‌ಗಳಲ್ಲಿ ಇರಾನ್ ಸಾಕಿದ ಸಶಸ್ತ್ರ ಗುಂಪುಗಳ ಬಗ್ಗೆ ಅದು ಮೌನವಾಗಿತ್ತು. ಆದರೂ ಅದು ಕಣ್ಣೂ ಕಿವಿಯೂ ಇದ್ದ ವ್ಯವಸ್ಥೆ. ಅದು ಹೋದ ಮೇಲೆ ಇರಾನ್ 2021ರಲ್ಲಿ ಶೇ 60ರ ಸಂವರ್ಧನೆಗೆ ಏರಿತು. ಬಾಂಬಿಗೆ ಬೇಕಾಗುವ ಶೇ 90ಕ್ಕೆ ಅಲ್ಲಿಂದ ದಾರಿ ಬಲು ಹತ್ತಿರ. ನಿರ್ಬಂಧಗಳ ಏಟು ಬಿದ್ದದ್ದು ಸಾಮಾನ್ಯರ ಅಡುಗೆಮನೆಗೆ. 2015ರಲ್ಲಿ ಸುಮಾರು 32,000 ರಿಯಾಲಿಗೆ ಒಂದು ಡಾಲರ್ ಸಿಗುತ್ತಿತ್ತು, ಹತ್ತು ವರ್ಷಗಳಲ್ಲಿ ಅದು ಹತ್ತು ಲಕ್ಷ ರಿಯಾಲ್ ದಾಟಿತು.

2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಅಮೆರಿಕದ ಡ್ರೋನ್ ದಾಳಿಗೆ ಇರಾನಿನ ಜನರಲ್ ಖಾಸಿಂ ಸುಲೇಮಾನಿ ಬಲಿಯಾದಾಗ ಇನ್ನೇನು ಯುದ್ಧ ಎಂದೇ ಎಲ್ಲರೂ ಅಂದುಕೊಂಡರು. ಕೆಲವೇ ಗಂಟೆಗಳಲ್ಲಿ ಸ್ವಿಸ್ ರಾಯಭಾರ ಕಚೇರಿಯ ಮೂಲಕ ಅಮೆರಿಕದ ಸಂದೇಶ ಟೆಹರಾನಿಗೆ ಹೋಯಿತು, ಉತ್ತರವೂ ಬಂತು. ಐದು ದಿನಗಳ ಬಳಿಕ ಇರಾನ್ ಇರಾಕಿನ ಐನ್ ಅಲ್ ಅಸದ್ ನೆಲೆಗೆ ಕ್ಷಿಪಣಿ ಹಾರಿಸಿತು, ಇರಾಕಿನವರ ಮೂಲಕ ಮೊದಲೇ ತಿಳಿಸಿ. ನೂರಕ್ಕೂ ಹೆಚ್ಚು ಅಮೆರಿಕದ ಸೈನಿಕರಿಗೆ ಮಿದುಳಿನ ಗಾಯವಾದರೂ ಯಾರೂ ಸಾಯಲಿಲ್ಲ. ಅಲ್ಲಿಗೆ ಎರಡೂ ಕಡೆ ಕೈಬಿಟ್ಟವು. ಆದರೆ ಅದೇ ಮುಂಜಾನೆ ಅಮೆರಿಕದ ಪ್ರತಿದಾಳಿಗೆ ಕಾಯುತ್ತಾ ಕೂತಿದ್ದ ಇರಾನಿನ ಕ್ಷಿಪಣಿ ಘಟಕವೊಂದು ಟೆಹರಾನಿನಿಂದ ಹೊರಟ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಶತ್ರುವಿನದೆಂದು ಬಗೆದು ಹೊಡೆಯಿತು. ಕೇಂದ್ರ ಕಚೇರಿಯೊಡನೆ ಸಂಪರ್ಕ ಸಿಗದೆ ಆ ಸಿಬ್ಬಂದಿ ತಾನೇ ನಿರ್ಧರಿಸಿದ್ದ. 176 ಮಂದಿ ಸತ್ತರು. ಇರಾನ್ ಮೂರು ದಿನ ಸುಳ್ಳು ಹೇಳಿ ಆಮೇಲೆ ಒಪ್ಪಿಕೊಂಡಿತು. 1988ರಲ್ಲಿ ಅಮೆರಿಕದ ನಾವಿಕರು, 2020ರಲ್ಲಿ ಇರಾನಿನ ಸೈನಿಕರು, ಅದೇ ಹೆದರಿಕೆ, ಅದೇ ಕೆಲವು ಕ್ಷಣಗಳು. ರಾಜಧಾನಿಗಳು ಯುದ್ಧ ಬೇಡವೆಂದು ತೀರ್ಮಾನಿಸಿದ ಬಳಿಕವೂ ರೇಡಾರ್ ಮುಂದೆ ಕೂತ ಒಬ್ಬನ ಬೆರಳು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ಅಪಾಯದ ಪ್ರಶ್ನೆ. ಬೇಕೆಂದೇ ಇಡೀ ಪ್ರದೇಶದ ಯುದ್ಧ ಹೂಡಲು ಟೆಹರಾನ್, ವಾಷಿಂಗ್ಟನ್ ಎರಡಕ್ಕೂ ಮನಸ್ಸಿದ್ದಂತೆ 2025ರವರೆಗಿನ ಚರಿತ್ರೆಯಲ್ಲಿ ಕಾಣುವುದಿಲ್ಲ. 2025ರ ಜೂನ್‌ನಲ್ಲೂ ಬೆಂಕಿ ಹರಡದಿರಲು ಕಾರಣಗಳಿದ್ದವು. 2024ರಲ್ಲಿ ತನ್ನ ನಾಯಕ ಹಸನ್ ನಸ್ರಲ್ಲಾ ಅವರನ್ನು ಕಳೆದುಕೊಂಡ ಲೆಬನಾನಿನ ಇರಾನ್ ಪರ ಗುಂಪು ಹೆಜ್ಬೊಲ್ಲಾಗೆ ಏಳುವ ಶಕ್ತಿ ಇರಲಿಲ್ಲ. ಸಿರಿಯಾದಲ್ಲಿ ಅಸಾದ್ ಆಡಳಿತ ಬಿದ್ದಿತ್ತು. 2023ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಇರಾನಿನೊಡನೆ ರಾಜಿಯಾಗಿದ್ದ ಸೌದಿ ಅರೇಬಿಯಾ ದೂರವೇ ಉಳಿಯಿತು. ಆದರೂ ಇರಾನಿನಲ್ಲಿ ಸಾವಿರಕ್ಕೂ ಹೆಚ್ಚು, ಇಸ್ರೇಲಿನಲ್ಲಿ ಸುಮಾರು ಮೂವತ್ತು ಮಂದಿ ಸತ್ತರು. ಇದನ್ನು ಸಣ್ಣದೆಂದು ಯಾರೂ ಹೇಳಕೂಡದು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಆ ಯುದ್ಧ ಬಿಟ್ಟುಹೋದ ಪರಿಸ್ಥಿತಿ. ಮಸ್ಕತ್‌ನಲ್ಲಿ ಜೂನ್ 15ಕ್ಕೆ ಅಮೆರಿಕ–ಇರಾನ್ ಮಾತುಕತೆಯ ಆರನೆಯ ಸುತ್ತು ನಿಗದಿಯಾಗಿತ್ತು. ಜೂನ್ 13ರಂದು ಇಸ್ರೇಲ್ ದಾಳಿ ಮಾಡಿತು. ಮಾತುಕತೆಯೇ ಮರೆಮಾಚುವ ಪರದೆಯಾಗಿತ್ತು ಎಂದು ಇರಾನಿನವರು ನಂಬಿದರೆ ಅವರನ್ನು ದೂರುವುದು ಕಷ್ಟ. ಸೆಪ್ಟೆಂಬರ್ 9ರಂದು ಹಮಾಸ್ ನಾಯಕರನ್ನು ಗುರಿಯಾಗಿಸಿ ಇಸ್ರೇಲ್ ದೋಹಾ ಮೇಲೆಯೇ ದಾಳಿ ಮಾಡಿತು, ಅಂದರೆ ಸಂಧಾನ ನಡೆಸುವ ಮನೆಯ ಮೇಲೆಯೇ ಬಾಂಬು ಬಿತ್ತು. ಯುದ್ಧದ ಬಳಿಕ ಇರಾನ್ ಅಣುಶಕ್ತಿ ಸಂಸ್ಥೆಯೊಡನೆ ಸಹಕಾರ ನಿಲ್ಲಿಸುವ ಕಾನೂನು ತಂದಿತು. ದಾಳಿಯ ಹೊತ್ತಿಗೆ ಇರಾನಿನ ಬಳಿ ಶೇ 60ರ ಯುರೇನಿಯಂ ಸುಮಾರು 440 ಕಿಲೋ ಇತ್ತೆಂದು ಸಂಸ್ಥೆ ಅಂದಾಜಿಸಿತ್ತು. ಆಮೇಲೆ ಅದರ ಸ್ಥಿತಿಗತಿಯನ್ನು ಕಣ್ಣಾರೆ ನೋಡಿ ದೃಢಪಡಿಸಲು ತಪಾಸಕರಿಗೆ ಆಗಲಿಲ್ಲ. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರಳಿ ಬಂದವು. ತಪಾಸಕರು ಬರೀ ಅಳತೆಗಾರರಲ್ಲ, ಅವರ ವರದಿಯೂ ಎರಡು ದೇಶಗಳ ನಡುವಿನ ಒಂದು ಬಗೆಯ ಮಾತೇ. ಅದು ನಿಂತರೆ ಊಹೆ ಆ ಜಾಗಕ್ಕೆ ಬರುತ್ತದೆ. ಊಹೆಯ ಮೇಲೆ ನಡೆದ ಯುದ್ಧಕ್ಕೆ 2003ರ ಇರಾಕ್ ಸಾಕಲ್ಲವೇ? ಮೇಲಾಗಿ ಇರಾನಿನ ನೆಲದ ಮೇಲೆ ಅಮೆರಿಕ ಬಹಿರಂಗವಾಗಿ ಬಾಂಬು ಹಾಕಿದ್ದು 2025ರಲ್ಲೇ ಮೊದಲು. ಒಮ್ಮೆ ದಾಟಿದ ಗೆರೆಯನ್ನು ಎರಡನೆಯ ಸಲ ದಾಟಲು ಅಷ್ಟು ಹಿಂಜರಿಕೆ ಇರುವುದಿಲ್ಲ.

ಹಾಗಾಗಿ ಅಪಾಯ 2025ಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಿದೆ ಎಂದು ನೇರವಾಗಿಯೇ ಹೇಳುತ್ತೇನೆ. ಅದು ಬರುವ ದಾರಿ ಬಹುಶಃ ಯಾರೂ ಪೂರ್ತಿ ಯೋಜಿಸದ ಸರಣಿ: ಇಸ್ರೇಲಿನ ಒಂದು ದಾಳಿ, ಇರಾಕಿನ ಯಾವುದೋ ಗುಂಪಿನ ರಾಕೆಟ್‌ಗೆ ಸತ್ತ ಅಮೆರಿಕದ ಸೈನಿಕರು, ಕೆಂಪು ಸಮುದ್ರದಲ್ಲಿ ಯೆಮನಿನ ಇರಾನ್ ಪರ ಹೂತಿ ಗುಂಪಿನ ಕ್ಷಿಪಣಿ, ಆಮೇಲೆ ಕೊಲ್ಲಿಯ ಬಾಯಿಯಲ್ಲಿರುವ ಹೋರ್ಮುಜ್ ಜಲಸಂಧಿ. ಈ ಮೂರನೆಯವರು ಯಾರೂ ಸ್ವಿಸ್ ರಾಯಭಾರ ಕಚೇರಿಯ ಸಂದೇಶಗಳ ಆಚೀಚೆ ಇಲ್ಲ, ಆದರೆ ಅವರ ಕೆಲಸದ ಹೊಣೆ ಟೆಹರಾನ್ ಅಥವಾ ವಾಷಿಂಗ್ಟನ್ ಮೇಲೆ ಬೀಳುತ್ತದೆ. ಶೀತಲ ಸಮರದ ನಡುವೆಯೂ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1972ರಲ್ಲಿ ಸಮುದ್ರದಲ್ಲಿ ಹಡಗುಗಳು ಹೇಗೆ ನಡೆದುಕೊಳ್ಳಬೇಕು ಎಂಬ ಒಪ್ಪಂದ ಮಾಡಿಕೊಂಡಿದ್ದವು. ಅಮೆರಿಕ–ಇರಾನ್ ನಡುವೆ ಅಂಥದ್ದು ಏನೂ ಆಗಲಿಲ್ಲ. 2011ರಲ್ಲಿ ಅಮೆರಿಕದ ಸೇನಾ ನಾಯಕರು ನೇರ ದೂರವಾಣಿ ಸಂಪರ್ಕದ ಮಾತೆತ್ತಿದಾಗ ಇರಾನಿನ ಅಧಿಕಾರಿಗಳು ತಳ್ಳಿಹಾಕಿದರು. ಒಂದು ಫೋನ್ ಸಂಪರ್ಕಕ್ಕೆ ಯಾರ ಮಾನವೂ ಹೋಗುವುದಿಲ್ಲ. ಈ ಹಟಕ್ಕೆ ಎರಡೂ ಕಡೆಯವರ ಮೇಲೆ ನನಗೆ ಸಿಟ್ಟಿದೆ.

ಹೋರ್ಮುಜ್ ಜಲಸಂಧಿ ಅತಿ ಕಿರಿದಾದಲ್ಲಿ ನಲವತ್ತು ಕಿಲೋಮೀಟರಿನಷ್ಟೂ ಇಲ್ಲ. 2024ರಲ್ಲಿ ದಿನಕ್ಕೆ ಸುಮಾರು ಎರಡು ಕೋಟಿ ಬ್ಯಾರೆಲ್ ತೈಲ ಅಲ್ಲಿ ಸಾಗಿತು, ಅಂದರೆ ಜಗತ್ತು ಬಳಸುವುದರಲ್ಲಿ ಐದನೆಯ ಒಂದು ಪಾಲು. ಕತಾರಿನ ದ್ರವ ಅನಿಲಕ್ಕೆ ಬೇರೆ ಸಮುದ್ರದಾರಿಯೇ ಇಲ್ಲ. ಆ ಅನಿಲ ಬರುವ ಕ್ಷೇತ್ರವನ್ನು, ಜಗತ್ತಿನಲ್ಲೇ ದೊಡ್ಡದಾದುದನ್ನು, ಕತಾರ್ ಮತ್ತು ಇರಾನ್ ಸಮುದ್ರದಡಿಯಲ್ಲಿ ಹಂಚಿಕೊಂಡಿವೆ. ದೋಹಾದ ಕುಡಿಯುವ ನೀರು ಬಹುತೇಕ ಸಮುದ್ರದ ನೀರನ್ನು ಸಿಹಿಮಾಡಿದ್ದು. ಕತಾರ್ ಸಂಧಾನಕ್ಕೆ ಇಷ್ಟು ಓಡಾಡುವುದು ಸುಮ್ಮನೆ ಅಲ್ಲ.

ನಮ್ಮ ಕರಾವಳಿಗೂ ಇದು ದೂರದ ವಿಷಯವಲ್ಲ. ಕೊಲ್ಲಿ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿ, 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದ ಮೇಲೆ ಭಾರತ ಆ ಖರೀದಿಯನ್ನೇ ನಿಲ್ಲಿಸಿತು. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ನೆಲದಡಿಯ ಗುಹೆಗಳಲ್ಲಿ 40 ಲಕ್ಷ ಟನ್ ಕಚ್ಚಾತೈಲ ಕೂಡಿಡುವ ವ್ಯವಸ್ಥೆ ಇದೆ. ವಿಶಾಖಪಟ್ಟಣದ್ದನ್ನೂ ಸೇರಿಸಿದರೆ ದೇಶಕ್ಕೆ ಅದು ಒಂಬತ್ತು ಹತ್ತು ದಿನಗಳ ಮಾತು. ಅಡುಗೆ ಅನಿಲದ ಆಮದಿನ ಬಹುಪಾಲು ಬರುವುದೂ ಇದೇ ಕೊಲ್ಲಿಯಿಂದ.

ನಿಮ್ಮ ಮಗನಿಗೆ ಹೇಳಬೇಕಾದದ್ದು ಇಷ್ಟು. ಟಿವಿಯಲ್ಲಿ ನಾಯಕರು ಎಷ್ಟು ಜೋರಾಗಿ ಗುಡುಗುತ್ತಾರೆ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು, ನಲವತ್ತು ವರ್ಷಗಳಿಂದ ಗುಡುಗುತ್ತಲೇ ಇದ್ದಾರೆ. ಒಮಾನ್ ಅಥವಾ ಕತಾರಿನ ವಿದೇಶಾಂಗ ಸಚಿವರು ಟೆಹರಾನಿಗೆ ಹೋಗಿಬರುತ್ತಿದ್ದಾರೆಯೇ, ಅಣುಶಕ್ತಿ ಸಂಸ್ಥೆಯ ತಪಾಸಕರು ಇರಾನಿನ ಒಳಗಿದ್ದಾರೆಯೇ, ಹೋರ್ಮುಜ್ ದಾಟುವ ಹಡಗುಗಳ ಯುದ್ಧ ವಿಮೆಯ ದರ ದಿಢೀರನೆ ಏರಿದೆಯೇ ಎಂದು ನೋಡುತ್ತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅಮೆರಿಕ ತನ್ನ ರಾಯಭಾರ ಕಚೇರಿಗಳ ಸಿಬ್ಬಂದಿಯನ್ನು, ಸೈನಿಕರ ಕುಟುಂಬದವರನ್ನು ಸಾಗಿಸುತ್ತಿದೆಯೇ ಎಂದು ಗಮನಿಸಲಿ. 2025ರ ಜೂನ್ 11ರಂದು ಬಾಗ್ದಾದಿನಿಂದ ಸಿಬ್ಬಂದಿಯನ್ನು ಕಳಿಸಲು ಆದೇಶವಾಯಿತು, ಬಹರೇನ್ ಮತ್ತು ಕುವೈತಿನಿಂದ ಕುಟುಂಬಗಳು ಹೊರಡಲು ಅನುಮತಿ ಸಿಕ್ಕಿತು. ಎರಡನೆಯ ದಿನ ಯುದ್ಧ ಶುರುವಾಯಿತು. ಅಂಥ ಸುದ್ದಿ ಬಂದ ದಿನ ಕಾಯುತ್ತಾ ಕೂರುವುದು ಬೇಡ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದ್ದರೆ ಈಗಲೇ ಕೇಳಿ ಪಡೆದು ತನ್ನ ಬಳಿ ಇಟ್ಟುಕೊಳ್ಳಲಿ, ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಮತ್ತು ಫೋನ್ ನಂಬರ್ ಬರೆಸಲಿ. ಅಲ್ ಉದೈದ್ ನೆಲೆ ನಗರದ ನೈರುತ್ಯಕ್ಕಿದೆ. ವಾಸ ಬದಲಿಸುವ ಅವಕಾಶ ಬಂದಾಗ ಆ ದಿಕ್ಕಿನಿಂದ ದೂರವಾದ ಬಡಾವಣೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು.